ಆಯಿಯ ಬೋರಮಾಳ ಬಿ.ಎ. ಓದಿದ್ದು

ನಮ್ಮಣ್ಣ ಪುಕ್ಕಟೆ ಓದಿ ಬಿ.ಎ. ಆದ ಅಂತ ಗೋಕಾಕದ ಪೇಟೆಯಲ್ಲಿ ಈಗಲೂ ಹೇಳುವವರಿದ್ದಾರೆ. ಹೇಳಲಿ ಪಾಪ. ಆ ಪುಕ್ಕಟೆಯ ಸಲುವಾಗಿ ಅವರ ಮನೆಯ ಎಮ್ಮೆಯೇನೂ ಕೊಟ್ಟಿಗೆ ಬಿಟ್ಟು ನಿಲ್ಲಬೇಕಾಗಿರಲಿಲ್ಲ.

ನಮ್ಮಪ್ಪನದು ಪೇಟೆಯಲ್ಲಿ ಕರದಂಟು ಮಿಠಾಯಿಯ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಲೆ. ಅಂಟು ಕರಿಯುವ ತುಪ್ಪದ ವಾಸನೆ ನಮ್ಮ ಬಟ್ಟೆ, ಹಾಸಿಗೆ, ಕೂದಲು ಎಲ್ಲದಕ್ಕೂ ಹತ್ತಿರುತ್ತಿತ್ತು. ಶಾಲೆಯಲ್ಲಿ ನನ್ನ ಬಾಜೂ ಕೂಡ್ರಲಿಕ್ಕೆ ಹುಡುಗಿಯರು ಜಗಳಾಡುತ್ತಿದ್ದರು. ಅದು ನನ್ನ ಮೇಲಿನ ಪ್ರೀತಿ ಅಂತ ಬಹಳ ದಿನ ತಿಳಿದಿದ್ದೆ.

ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ಅಣ್ಣ ಮತ್ತು ನಾನು. ಅಣ್ಣ ನನಗಿಂತ ಆರು ವರ್ಷಕ್ಕೆ ದೊಡ್ಡವ. ಎರಡನೆಯ ದೊಡ್ಡ ಲಡಾಯಿ ಸುರುವಾಗುವ ಕೆಲವು ವರ್ಷ ಮೊದಲು ಅವನು ಮ್ಯಾಟ್ರಿಕ್ ಪಾಸಾದ. ಸುಮ್ಮನೆ ಪಾಸಾಗಿದ್ದರೆ ಅಂಗಡಿಯಲ್ಲಿ ಕೂತು ಅಂಟು ಕರಿಯುತ್ತಿದ್ದ, ನಾವೂ ಸುಖವಾಗಿರುತ್ತಿದ್ದೆವು. ಅವನು ಬಹಳ ಚಲೋ ಮಾರ್ಕು ತಗೊಂಡುಬಿಟ್ಟ. ಹೈಸ್ಕೂಲಿನ ಮಾಸ್ತರು ಅಂಗಡಿಗೆ ಬಂದು, ಹುಕ್ಕೇರಿಯಲ್ಲಿ ಒಂದು ಮಂಡಳಿ ಐತಿ, ಬಡವರ ಹುಡುಗರಿಗೆ ಕಾಲೇಜಿನ ಫೀ, ಊಟ ಎರಡೂ ಕೊಡತಾರ, ಧಾರವಾಡಕ್ಕ ಕಳಸ್ರಿ ಅಂತ ಹೇಳಿ ಹೋದರು. ಹೋಗುವಾಗ ಒಂದು ಪೊಟ್ಟಣ ಕರದಂಟು ಒಯ್ದರು. ಅಣ್ಣನ ವಿದ್ಯೆಗೆ ನಮ್ಮ ಮನೆಯಿಂದ ಹೋದ ಮೊದಲ ಖರ್ಚು ಅದು.

ಮಂಡಳಿಯವರು ಮೊದಲು ಮನೆಗೆ ಬಂದು ಬಡತನ ನೋಡುತ್ತಾರೆ ಅಂತ ಗೊತ್ತಾದಾಗ ಅಪ್ಪನಿಗೆ ಚಿಂತೆಯಾಯಿತು. ನಾವು ಬಡವರು ಹೌದು. ಆದರೆ ನೋಡಿದರೆ ಕಾಣುವಷ್ಟು ಬಡವರಲ್ಲ. ಅಪ್ಪ ಎರಡು ದಿನ ಕೂತು ಬಡತನ ತಯಾರು ಮಾಡಿದ. ತಾಮ್ರದ ಹಂಡೆ, ಹಿತ್ತಾಳೆ ಕೊಡ ಎಲ್ಲ ಬಾಜೂ ಮನೆಗೆ ಹೋದವು. ಗೋಡೆಯ ಗಡಿಯಾರ ಇಳಿಯಿತು. ಎಮ್ಮೆಯನ್ನೂ ಬಾಜೂ ಮನೆಯ ಹಿತ್ತಲಿಗೆ ಸಾಗಿಸಿ, ಅದರ ಜಾಗದಲ್ಲಿ ಅವರ ಬಡಕಲು ಆಡು ತಂದು ಕಟ್ಟಿದ. ನನಗೆ ಹರಿದ ಲಂಗ ಉಡಿಸಿ, "ಬಂದವರು ಊಟ ಆತೇನವಾ ಅಂತ ಕೇಳಿದ್ರ ಇಲ್ಲ ಅನ್ನು" ಅಂತ ಹೇಳಿಕೊಟ್ಟ.

ಇಷ್ಟೆಲ್ಲ ಆಗುವಾಗ ಆಯಿ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ನಾವು ಆವಾಗಲೇ ಹೆದರಬೇಕಾಗಿತ್ತು.

ಮೂರನೆಯ ದಿನ ಮುಂಜಾನೆ ಅಪ್ಪ ಮಂಡಳಿಯವರನ್ನು ಕರೆತರಲು ಮೋಟಾರು ನಿಲ್ಲುವಲ್ಲಿಗೆ ಹೋದ. ಅವನು ಓಣಿ ದಾಟಿದ್ದೇ ತಡ, ಆಯಿ ಎದ್ದು ಸೆರಗು ಸಿಗಿಸಿದಳು.

"ಏನ ಮಾಡಾಕತ್ತೀರಿ ಅತ್ತಿ?" ಅವ್ವ ಕೇಳಿದಳು.

"ಬೀಗರು ಬರಲಿ, ಸಾವಕಾರ ಬರಲಿ, ಪರಊರಿನವರು ಈ ಮನಿಗೆ ಬಂದು ಬರೇ ಹೊಟ್ಟೀಲೆ ಹ್ವಾದ್ರು ಅಂತ ಆಗಬಾರದು. ಕಡ್ಲಿಬ್ಯಾಳಿ ಇಡು."

"ಅವರು ಬಡತನ ನೋಡಾಕ ಬರಾಕತ್ತಾರ್ರಿ."

"ನೋಡಲಿ. ಉಂಡು ನೋಡಲಿ."

ಮೋಟಾರು ಬರಲು ತಡವಾಯಿತು, ಅಷ್ಟರಲ್ಲಿ ಹಂಡೆ ಕೊಡಗಳು ತಿರುಗಿ ಬಂದವು. ಹೋಳಿಗೆ ಆದವು, ಎಣ್ಣೆಗಾಯಿ ಆಯಿತು, ಶೇಂಗಾ ಹಿಂಡಿಯ ಚಟ್ನಿ ಆಯಿತು. ನನ್ನ ಹರಕು ಲಂಗ ಬಿಚ್ಚಿಸಿ ಹಬ್ಬದ್ದು ಉಡಿಸಿದ ಆಯಿ, ಟ್ರಂಕಿನ ಅಡಿಯಿಂದ ತನ್ನ ಬೋರಮಾಳ ತೆಗೆದು ನನ್ನ ಕೊರಳಿಗೆ ಹಾಕಿ ಬಾಗಿಲಲ್ಲಿ ನಿಲ್ಲಿಸಿದಳು. ಚಿನ್ನದ ಗುಂಡಿನ ಸರ. ನನ್ನ ಹೊಟ್ಟೆಯವರೆಗೂ ಇಳಿಯುತ್ತಿತ್ತು. ಅಪ್ಪ ಇಬ್ಬರು ದೊಡ್ಡವರ ಹಿಂದೆ ಓಣಿ ತಿರುಗಿ ನನ್ನನ್ನು ನೋಡಿದ ಆ ಮುಖವನ್ನು ನಾನು ಸಾಯುವತನಕ ಮರೆಯುವುದಿಲ್ಲ.

ಬಂದವರಲ್ಲಿ ಒಬ್ಬರು ಹುಕ್ಕೇರಿಯ ಪೆನ್ಶನ್ ಆದ ಮಾಸ್ತರು, ಕಡ್ಡಿಯಂಥವರು. ಇನ್ನೊಬ್ಬರು ಮೂಡಲಗಿಯ ಸಾವಕಾರರು. ಅರಳೆ, ಬೆಲ್ಲದ ವ್ಯಾಪಾರ, ಹೊಟ್ಟೆ ಅದಕ್ಕೆ ತಕ್ಕಂತೆ. ಮಾಸ್ತರು ಒಂದು ಹೋಳಿಗೆ ಮುರಿದು ಗೋಡೆ, ಜಂತಿ, ಮಾಡ ನೋಡುತ್ತ ಕೂತರು. ಸಾವಕಾರರು ತಾಟು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಅವರು ಎಷ್ಟು ಹೋಳಿಗೆ ತಿಂದರು ಅಂತ ಆಯಿ ಎಣಿಸಲಿಲ್ಲ. ಅವ್ವ ಎಣಿಸಿದಳು.

"ಮನ್ಯಾಗ ದನ ಕರ ಏನಾದರೂ ಐತೇನ್ರಿ?" ಮಾಸ್ತರು ಕೇಳಿದರು.

"ಒಂದು ಆಡು ಐತ್ರಿ" ಅಂದ ಅಪ್ಪ.

ಅದೇ ಹೊತ್ತಿಗೆ ತುಪ್ಪ ಬಡಿಸುತ್ತಿದ್ದ ಅವ್ವ ಏನೋ ಮಾತಾಡಿದಳು. ಅವಳ ದನಿ ಕೇಳಿದ್ದೇ ಬಾಜೂ ಹಿತ್ತಲಲ್ಲಿ ನಮ್ಮ ಎಮ್ಮೆ ಒದರಿತು. ಮತ್ತೊಮ್ಮೆ ಒದರಿತು. ಆಮೇಲೆ ಹಗ್ಗ ಕಿತ್ತುಕೊಂಡು ಹಿಂದಿನ ಬಾಗಿಲಿನಿಂದ ಒಳಗೆ ಬಂದು, ಆಡನ್ನು ಬದಿಗೆ ತಳ್ಳಿ, ತನ್ನ ಗೋದಲಿಗೆ ತಲೆ ಹಾಕಿ ನಿಂತಿತು.

"ಇದು ಯಾರ ಎಮ್ಮಿ?" ಮಾಸ್ತರು ಕೇಳಿದರು.

"ಬಾಜೂ ಮನಿಯವರದ್ರಿ."

"ಮತ್ತ ಇಲ್ಲಿ ಮೇಯಾಕ ಹತ್ತೈತಲ್ಲ?"

ಆಯಿ ಹೇಳಿದಳು, "ನಮ್ಮ ಮನಿಗೆ ಯಾರ ಬಂದ್ರೂ ಉಣ್ಣಿಸಿ ಕಳಸ್ತೇವ್ರಿ."

ಸಾವಕಾರರು ನಕ್ಕ ನಗೆಗೆ ಹೋಳಿಗೆಯ ಚೂರು ಮಾಸ್ತರ ಕೋಟಿನ ಮೇಲೆ ಹಾರಿತು. ಮಾಸ್ತರು ನಗಲಿಲ್ಲ. ವಾರದ ಮೇಲೆ ಮಂಡಳಿಯ ನಿರ್ಣಯ ಬಂತು. ಹುಡುಗ ಜಾಣ, ಅವನಿಗೆ ಫೀ ಕೊಡೋಣ. ಮನೆತನ ಉಂಡು ಉಟ್ಟಿದ್ದು, ಊಟದ ಖರ್ಚು ಅವರೇ ನೋಡಿಕೊಳ್ಳಲಿ. ಅಪ್ಪ ಮೂರು ದಿನ ಆಯಿಯ ಜೊತೆ ಮಾತಾಡಲಿಲ್ಲ. ಆಯಿಗೆ ಅದು ಗೊತ್ತೇ ಆಗಲಿಲ್ಲ, ಯಾಕಂದರೆ ಮಾತೆಲ್ಲ ಯಾವಾಗಲೂ ಅವಳೇ ಆಡುವುದು.

ಆಗ ಮೂಡಲಗಿಯ ಸಾವಕಾರರು ತಾವಾಗಿಯೇ ಬಂದರು. "ಹುಡುಗನ ಊಟದ ಖರ್ಚು ನನಗ ಬಿಡ್ರಿ. ಮಂಡಳಿದಲ್ಲ, ನನ್ನ ಸ್ವಂತದ್ದು. ವಿದ್ಯಾದಾನ. ನಿಮ್ಮ ಮನ್ಯಾಗ ಉಂಡ ಮ್ಯಾಲ ಈ ಹುಡುಗ ಪರಊರಾಗ ಉಪವಾಸ ಇದ್ರ ನನಗ ನಿದ್ದಿ ಬರಾಂಗಿಲ್ಲ."

ಮನುಷ್ಯ ಒಳ್ಳೆಯವರು. ಅದರಲ್ಲಿ ಸಂಶಯವಿಲ್ಲ. ಆದರೆ ಒಳ್ಳೆಯವರನ್ನು ಸಾಕುವುದು ಕೆಟ್ಟವರನ್ನು ಸಾಕುವುದಕ್ಕಿಂತ ತುಟ್ಟಿ. ಅಣ್ಣ ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿದ ಮೇಲೆ ಸಾವಕಾರರು ಅವನ ಕ್ಷೇಮಸಮಾಚಾರ ಹೇಳಲು ನಮ್ಮಲ್ಲಿಗೆ ಬರತೊಡಗಿದರು. ಅವನ ಸುದ್ದಿ ಅವರಿಗಿಂತ ನಮಗೇ ಜಾಸ್ತಿ ಗೊತ್ತಿರುತ್ತಿತ್ತು, ಅದು ಬೇರೆ ಮಾತು. ಬರುವಾಗ ಒಬ್ಬರೇ ಬರುತ್ತಿರಲಿಲ್ಲ. "ಇದ ನೋಡ್ರಿ ನಾ ಓದಿಸೋ ಹುಡುಗನ ಮನಿ" ಅಂತ ತೋರಿಸಲು ಅಳಿಯಂದಿರು, ದಲಾಲರು, ಒಮ್ಮೆ ಕೊಲ್ಲಾಪುರದ ಒಬ್ಬ ಜೈನ ವ್ಯಾಪಾರಿ, ಎಲ್ಲರೂ ಬರುತ್ತಿದ್ದರು. ಬಂದವರಿಗೆಲ್ಲ ಊಟ. ಹೋಗುವಾಗ ಅವರ ಬೀಗರಿಗೆ ಅಂತ ಒಂದು ಡಬ್ಬಿ ಕರದಂಟು. ರೊಕ್ಕ ಕೊಡಲು ಕಿಸೆಗೆ ಕೈ ಹಾಕುತ್ತಿದ್ದರು. ಅಪ್ಪ "ಛೇ ಛೇ, ಏನ್ರಿ ಇದು" ಅನ್ನುತ್ತಿದ್ದ. ಕೈ ತಿರುಗಿ ಬರುತ್ತಿತ್ತು.

"ನಮ್ಮ ಹುಡುಗ ಅಲ್ಲಿ ಒಬ್ಬನ ಉಣ್ಣತಾನ" ಅಂತ ಅವ್ವ ಒಂದು ಸಲ ಪಾತ್ರೆ ತೊಳೆಯುತ್ತ ಅಂದಳು. "ಅದರ ಸಲುವಾಗಿ ಇಲ್ಲಿ ಅರ್ಧ ಮೂಡಲಗಿ ಉಣ್ಣತೈತಿ."

ಅಂಗಡಿಯಲ್ಲಿ ಅಣ್ಣನ ಕೈ ಇಲ್ಲವಾಯಿತು. ಕೊಬ್ಬರಿ ತುರಿಯಬೇಕು, ಉತ್ತತ್ತಿ ಬೀಜ ತೆಗೆಯಬೇಕು, ಗಿರಾಕಿ ನೋಡಬೇಕು. ಆಳು ಇಡಲು ಆಗುವುದಿಲ್ಲ, ಉಳಿದದ್ದೆಲ್ಲ ವಿದ್ಯಾದಾನಿಗಳ ತಾಟಿಗೆ ಹೋಗುತ್ತಿತ್ತು. ನಾನು ಆಗ ನಾಲ್ಕನೇ ಇಯತ್ತೆ. ಒಂದು ದಿನ ಅಪ್ಪ "ನಾಳೆಯಿಂದ ಸಾಲಿ ಬಿಡವಾ, ಅಣ್ಣನ ಪರೀಕ್ಷಾ ಮುಗಿಯೂತನ" ಅಂದ. ಯಾವ ಪರೀಕ್ಷೆ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಶಾಲೆಯ ಮೇಲೆ ನನಗೆ ಅಂಥ ಭಕ್ತಿಯೇನೂ ಇರಲಿಲ್ಲ. ಇದ್ದ ಭಕ್ತಿಯೆಲ್ಲ ಶಾಲೆಯ ಹಿಂದಿನ ಹುಣಸೆ ಮರದ ಮೇಲೆ. ಆದರೆ ನಮಗೆ ಕಲಿಸುತ್ತಿದ್ದ ಅಕ್ಕೋರು ಅಂಗಡಿಗೆ ಬಂದು, "ಯಾಕ್ರಿ ಬಿಡಿಸಿದ್ರಿ? ಲೆಕ್ಕದಾಗ ಇಕಿನ ಮುಂದ" ಅಂತ ಕೇಳಿದಾಗ, ಅಪ್ಪ "ಲೆಕ್ಕ ಇಲ್ಲೂ ಐತ್ರಿ" ಅಂತ ತಕ್ಕಡಿ ತೋರಿಸಿದ. ಅಕ್ಕೋರು ನನ್ನ ಕಡೆ ನೋಡಿದರು. ನಾನು ಕೊಬ್ಬರಿ ತುರಿಯುತ್ತಲೇ ಇದ್ದೆ, ಬೆರಳಿನ ತುದಿ ಹೆರೆದುಕೊಂಡೆ. ಅಳಲು ಒಂದು ನೆಪ ಸಿಕ್ಕಿತು. ಅವತ್ತಿನ ಕರದಂಟು ಕೂಡ ಸಾವಕಾರರ ಬೀಗರಿಗೇ ಹೋಯಿತು ಅಂತ ನೆನಪು.

ಅತ್ತ ಅಣ್ಣ ಸುಧಾರಿಸುತ್ತಿದ್ದ. ಮೊದಲ ವರ್ಷ ಮುಗಿಯುವಷ್ಟರಲ್ಲಿ ಅಪ್ಪನಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದ. ಅಪ್ಪ ಅದನ್ನು ಪೋಸ್ಟ್ ಮಾಸ್ತರರ ಬಳಿ ಒಯ್ದು ಓದಿಸಿದ. ಮೊದಲ ಪುಟದ ತುಂಬ ಧಾರವಾಡದ ಮಳೆಯ ವರ್ಣನೆ, ಕೊನೆಯ ಸಾಲಿನಲ್ಲಿ ಒಂದು ಉಣ್ಣೆಯ ಕೋಟು ಬೇಕು ಅಂತ. ಓದಿದ್ದಕ್ಕೆ ಪೋಸ್ಟ್ ಮಾಸ್ತರರಿಗೆ ಒಂದು ಪೊಟ್ಟಣ ಕೊಡಬೇಕಾಯಿತು.

"ಪುಕ್ಕಟೆ ಕಾಲೇಜ ಅಂದ್ರಿ" ಆಯಿ ಅಂದಳು. "ಈಗ ನಮ್ಮ ಹುಡುಗನ ಮಾತು ನಮಗ ತಿಳಿಯಾಕೂ ಖರ್ಚು ಬಂತು."

ಕೋಟು ಹೋಯಿತು. ಕೋಟಿನ ಬೆನ್ನಿಗೇ ಬೂಟು. ಬೂಟಿನ ಹಿಂದೆ ಪುಸ್ತಕ, ಕಂದೀಲಿನ ಎಣ್ಣೆ, ಕೋಣೆಯ ಬಾಡಿಗೆ, ಗೆಳೆಯರ ಜೊತೆ ಎಲ್ಲೋ ಹೋಗುವ ಖರ್ಚು. ಇವು ಯಾವುವೂ ಫೀ ಅಲ್ಲ, ಆದ್ದರಿಂದ ಮಂಡಳಿಗೆ ಸಂಬಂಧವಿಲ್ಲ. ಊಟವೂ ಅಲ್ಲ, ಆದ್ದರಿಂದ ಸಾವಕಾರರಿಗೂ ಸಂಬಂಧವಿಲ್ಲ. ಮೂರನೇ ವರ್ಷ ಒಂದು ಮುಂಜಾನೆ ಆಯಿ ಟ್ರಂಕು ತೆಗೆದು ಬೋರಮಾಳ ಸೆರಗಿಗೆ ಕಟ್ಟಿಕೊಂಡು ಅಕ್ಕಸಾಲಿಗನ ಬಳಿ ಹೋದಳು. ಬರಿಗೈಯಲ್ಲಿ ಬಂದಳು, ರೊಕ್ಕ ಅಪ್ಪನ ಮುಂದಿಟ್ಟಳು, ಒಲೆಯ ಮುಂದೆ ಕೂತಳು. ಅವ್ವ ಅತ್ತಳು. ಆಯಿ ಅಳಲಿಲ್ಲ. ಆಮೇಲೆ ಯಾರಾದರೂ ಹಬ್ಬಕ್ಕೆ ಬಂದವರು "ಬೋರಮಾಳ ಎಲ್ಲಿ ಆಯಿ?" ಅಂದರೆ, "ಅದು ಧಾರವಾಡದಾಗ ಬಿ.ಎ. ಓದಾಕತ್ತೈತಿ. ಸೂಟಿಗೆ ಬರತೈತಿ" ಅನ್ನುತ್ತಿದ್ದಳು.

ಕಾಲೇಜಿಗೆ ರಜೆ ಬಿಟ್ಟು ಸೂಟಿಗೆ ಬಂದದ್ದು ಅಣ್ಣ. ಕೂದಲಿಗೆ ಬೈತಲೆ, ಮಾತಿಗೆ ಮೂಗು. ಅಂಗಡಿಯ ವಾಸನೆಗೆ ತಲೆನೋವು ಬರುತ್ತದೆ ಅಂದ. ಅದೇ ಸೂಟಿಯಲ್ಲಿ ಸಾವಕಾರರು ಒಬ್ಬರೇ ಬಂದರು. ಒಬ್ಬರೇ ಬಂದದ್ದು ನೋಡಿ ಅವ್ವನಿಗೆ ಸಂತೋಷವಾಯಿತು, ಆಯಿಗೆ ಸಂಶಯ ಬಂತು. ಸಾವಕಾರರು ನೀರು ಕುಡಿದರು, ಗಂಟಲು ಸರಿಮಾಡಿಕೊಂಡರು.

"ಹುಡುಗ ಈಗ ನನಗ ಮಗನ ಹಂಗ. ಮನ್ಯಾಗ ಒಬ್ಬಾಕಿನ ಮಗಳ ಉಳದಾಳ. ತಾಯಿ ಇಲ್ಲದ ಹುಡುಗಿ. ನೀವು ಹೂಂ ಅಂದ್ರ ಮಗನ ಹಂಗ ಅನ್ನೋದು ಅಳಿಯ ಅಂತ ಆಗತೈತಿ."

ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಆಗಲಿಲ್ಲ. ಮೂರು ವರ್ಷ ಮಗನಿಗೆ ಅನ್ನ ಹಾಕಿದವರಿಗೆ ಯಾವ ಬಾಯಿಂದ ಅನ್ನುವುದು? ಸಾವಕಾರರು ಹೋದ ಮೇಲೆ ಅಣ್ಣ ಒಳಗಿನಿಂದ ಬಂದ.

"ನಾ ಏನು ಸಂತ್ಯಾಗ ಕೊಂಡ ಎತ್ತೇನಪಾ?"

"ಎತ್ತಾಗಿದ್ರ ಇಷ್ಟೊತ್ತಿಗೆ ಹೊಲಾ ಉಳತಿದ್ದಿ" ಅಂದಳು ಆಯಿ. "ಸುಮ್ಮನ ಒದರಬ್ಯಾಡ. ಹುಡುಗಿ ನೋಡಿ ಬರೂಣು. ಬ್ಯಾಡ ಅನ್ನೂದಿದ್ರೂ ಮುಖ ನೋಡಿ ಅನ್ನಬೇಕು."

ಚಕ್ಕಡಿ ಕಟ್ಟಿಕೊಂಡು ಆಯಿ, ಅಣ್ಣ, ನಾನು ಮೂಡಲಗಿಗೆ ಹೋದೆವು. ಅಪ್ಪ ಅಂಗಡಿಯ ನೆಪ ಹೇಳಿ ಉಳಿದ. ದಾರಿಯುದ್ದಕ್ಕೂ ಅಣ್ಣ ಉಣ್ಣೆಯ ಕೋಟು ಹಾಕಿಕೊಂಡು ಬೆವರುತ್ತ, ಹುಡುಗಿಗೆ ನೋವಾಗದಂತೆ ಹೇಗೆ ಬೇಡ ಅನ್ನುವುದು ಅಂತ ತನ್ನಷ್ಟಕ್ಕೆ ಮಾತು ಜೋಡಿಸುತ್ತಿದ್ದ. ನಡುನಡುವೆ ನನ್ನ ಮೇಲೆ ಪ್ರಯೋಗ ಮಾಡಿದ. ಬಹಳ ಮರ್ಯಾದೆಯ ಮಾತುಗಳು. ನನಗೆ ನಿದ್ದೆ ಬಂತು.

ಸಾವಕಾರರ ಮನೆಯಲ್ಲಿ ನಮ್ಮನ್ನು ಪಡಸಾಲೆಯಲ್ಲಿ ಕೂಡ್ರಿಸಿದರು. ಹುಡುಗಿ ಬಂದು ಅವಲಕ್ಕಿ ಕೊಟ್ಟು ಒಳಗೆ ಹೋದಳು. ಅಣ್ಣ ಅವಲಕ್ಕಿ ನೋಡಿದನೋ ಹುಡುಗಿ ನೋಡಿದನೋ ತಿಳಿಯಲಿಲ್ಲ. ಆಮೇಲೆ ಅವಳು ನನ್ನನ್ನು ಅಡುಗೆಮನೆಗೆ ಕರೆದಳು. ಹದಿನಾರು ಹದಿನೇಳರ ಹುಡುಗಿ, ಬೆರಳಿಗೆಲ್ಲ ಶಾಯಿಯ ಕಲೆ. ಸಾವಕಾರರ ಕಣ್ಣು ಮಂದವಾಗಿದ್ದರಿಂದ ವ್ಯಾಪಾರದ ಬರವಣಿಗೆಯೆಲ್ಲ ಇವಳದೇ, ಕನ್ನಡ ಮರಾಠಿ ಎರಡರಲ್ಲೂ.

"ನಿಮ್ಮಣ್ಣ ಸಿಟ್ಟಿನವರೇನು?" ಅಂತ ಮೆಲ್ಲಗೆ ಕೇಳಿದಳು.

"ಸಿಟ್ಟಿಲ್ಲ. ಸೊಕ್ಕು."

"ಸೊಕ್ಕು ಇಳೀತೈತಿ ಬಿಡು. ನೀ ಎಷ್ಟನೇ ಇಯತ್ತೆ?"

"ನಾಕನೇದಾಗ ಬಿಟ್ಟೇನಿ. ಅಂಗಡ್ಯಾಗ ಮಂದಿ ಇಲ್ಲ. ಅಣ್ಣ ಕಾಲೇಜಿಗೆ ಹೋದನಲ್ಲ."

ಅವಳು ಸೌಟು ಕೆಳಗಿಟ್ಟಳು. ನಿಮ್ಮಲ್ಲಿಗೆ ನಮ್ಮಪ್ಪ ಎಷ್ಟು ಸಲ ಬರುತ್ತಾರೆ, ಏನು ಒಯ್ಯುತ್ತಾರೆ ಅಂತ ಕೇಳಿದಳು. ನಾನು ಹುಡುಗಾಟಿಕೆಯಲ್ಲಿ ಎಲ್ಲ ಹೇಳಿದೆ. ಬೋರಮಾಳದ್ದೂ ಹೇಳಿದೆ. ಅವಳು ಕೈ ಒರೆಸಿಕೊಂಡು ಪಡಸಾಲೆಯ ಬಾಗಿಲಿಗೆ ಹೋಗಿ, ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತಳು.

"ಅಪ್ಪಾ, ಇವರ ಊಟದ ಖರ್ಚು ದಾನ ಅಂತ ಹೇಳಿದ್ದಿ. ದಾನ ಆಗಿದ್ರ ವಾಪಸ್ ಕೇಳಬಾರದು. ಉದ್ರಿ ಆಗಿದ್ರ ಮೊದಲ ಹೇಳಬೇಕಿತ್ತು. ಉದ್ರಿ ವಸೂಲಿಗೆ ನನ್ನ ಕಳಸಬ್ಯಾಡ."

ಸಾವಕಾರರ ಮುಖ ಕೆಂಪಾಯಿತು. ಅವರಿಗೆ ಸಿಟ್ಟು ಬರುತ್ತದೆ ಅಂತ ನಾನು ಬಾಗಿಲ ಹಿಂದೆ ಸರಿದೆ. ಅವರು ತಲೆಯ ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಖರೆ ಐತಿ ಬಿಡ್ರಿ" ಅಂದರು. "ನನಗ ಹಂಗ ಅನಿಸಿರಲಿಲ್ಲ. ಆದ್ರ ಕೇಳಿದ ಮ್ಯಾಲ ಹಂಗ ಐತಿ. ನೀವು ಮನಸ್ಸಿನಾಗ ಏನೂ ಇಟಗೋಬ್ಯಾಡ್ರಿ. ಹುಡುಗನ ಪರೀಕ್ಷಾ ಮುಗಿಯೂತನಾ ಊಟ ನಡೀತೈತಿ."

ಆಯಿ ಆ ಬಾಗಿಲಿನ ಕಡೆ ನೋಡುತ್ತ, "ಛಲೋ ಹುಡುಗಿ" ಅಂತ ಇಷ್ಟೇ ಅಂದಳು.

ತಿರುಗಿ ಬರುವಾಗ ಅಣ್ಣ ಕೋಟು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದ. ಜೋಡಿಸಿದ ಮಾತೆಲ್ಲ ವ್ಯರ್ಥವಾಗಿತ್ತು. ಮಮದಾಪುರದ ಹತ್ತಿರ ಬಂದಾಗ, "ಆಕಿ ನನ್ನ ನೋಡೂದಕ್ಕಿಂತ ಮೊದಲ ಬ್ಯಾಡ ಅಂದ್ಲೋ, ನೋಡಿದ ಮ್ಯಾಲೋ?" ಅಂತ ಕೇಳಿದ. ಆಯಿ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದಳು. ಗೋಕಾಕ ಬರುವತನಕ ಅವನು ಇದನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳಿದ. ಬೇಡ ಅನ್ನಿಸಿಕೊಂಡ ಗಳಿಗೆಯಿಂದ ಅವನಿಗೆ ಆ ಹುಡುಗಿ ಬೇಕಾಗಿದ್ದಳು.

ಮುಂದಿನ ವರ್ಷ ಬಿ.ಎ. ಮುಗಿಸಿದ. ಬರೀ ಪಾಸು, ಕ್ಲಾಸು ಬರಲಿಲ್ಲ, ಅದರ ಬಗ್ಗೆ ಮನೆಯಲ್ಲಿ ಮಾತಾಡುವಂತಿರಲಿಲ್ಲ. ಮತ್ತೊಂದು ವರ್ಷ ಕಳೆದ ಮೇಲೆ ಹುಕ್ಕೇರಿಯ ಒಂದು ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಪಗಾರ ಕೇಳಿ ಅಪ್ಪ, "ಇಷ್ಟು ನಾವು ಜಾತ್ರಿ ವಾರದಾಗ ಮಾರತೇವಿ" ಅಂದ. ಕೆಲಸ ಹಿಡಿದ ಮೇಲೆ ಅಣ್ಣ ಆಯಿಯ ಮುಂದೆ ಬಂದು ನಿಂತು ಮೂಡಲಗಿಯ ಮಾತು ತೆಗೆದ. ಆಯಿ, "ನಾ ಹ್ವಾದ್ರ ಉದ್ರಿ ತೀರಿಸಾಕ ಬಂದ್ರು ಅಂತಾರ. ನೀನ ಹೋಗಿ ಕೇಳು" ಅಂದಳು. ಅವನು ಒಬ್ಬನೇ ಹೋದ. ಕೋಟು ಹಾಕಿಕೊಳ್ಳದೆ ಹೋದ ಅಂತ ಅವ್ವ ಎಲ್ಲರಿಗೂ ಹೇಳಿದಳು. ಅಲ್ಲಿ ಏನು ಮಾತಾಯಿತು ಅಂತ ಅವನೂ ಆ ಹುಡುಗಿಯೂ ಯಾವತ್ತೂ ಹೇಳಲಿಲ್ಲ. ಆ ಬೇಸಿಗೆಯಲ್ಲಿ ಲಗ್ನ ಆಯಿತು. ಅವಳು ನನಗೆ ವೈನಿಯಾದಳು.

ಅಷ್ಟರಲ್ಲಿ ನನ್ನ ಲಗ್ನದ ಮಾತೂ ನಡೆದಿತ್ತು, ಕೂಡಿಬರುತ್ತಿರಲಿಲ್ಲ. ಅಂಗಡಿಯವರ ಮಗಳಾಗಿ ನನ್ನ ದರ ಒಂದಿತ್ತು. ಬಿ.ಎ. ಆದವನ ತಂಗಿ ಅಂತ ಆದ ಕೂಡಲೇ ವರಗಳ ತಂದೆಯರು ವರದಕ್ಷಿಣೆಗೆ ಬಾಯಿ ದೊಡ್ಡದು ಮಾಡಿದರು. ಅಣ್ಣನ ಡಿಗ್ರಿಯ ಖರ್ಚು ಅವನು ಪಾಸಾದ ಮೇಲೂ ನಿಂತಿರಲಿಲ್ಲ ನೋಡಿ. ನನಗೆ ಹದಿನೇಳು ಆಗಿತ್ತು, ಓಣಿಯವರು ಲೆಕ್ಕ ಇಡುತ್ತಿದ್ದರು.

ಲಗ್ನವಾದ ತಿಂಗಳಿಗೆ ವೈನಿ, ಅಣ್ಣ ಹುಕ್ಕೇರಿಗೆ ಸಂಸಾರ ಹೂಡಲು ಹೊರಟರು. ಊಟಕ್ಕೆ ಕೂತಾಗ ವೈನಿ ಕೇಳಿದಳು, "ಮಾಮಾ, ಇವರನ್ನ ಓದಿಸಾಕ ಈ ಮನ್ಯಾಗ ಯಾರ್ಯಾರದು ಏನೇನು ಹೋಗೈತ್ರಿ?"

ಅಪ್ಪ ನಕ್ಕು ಅಂಗಡಿಯ ಮಾತು ಹೇಳಿದ. ಅವ್ವ ಹೋಳಿಗೆಯ ಮಾತು ಹೇಳಿದಳು, ವೈನಿಯ ತಂದೆಯ ಮಾತಾದ್ದರಿಂದ ಅರ್ಧಕ್ಕೆ ನಿಲ್ಲಿಸಿದಳು. ಆಯಿ ಬೋರಮಾಳ ಅಂದಳು. ಆಮೇಲೆ ಎಲ್ಲರೂ ಊಟ ಮುಂದುವರಿಸಿದರು.

"ಇಕಿದು?" ಅಂತ ವೈನಿ ನನ್ನ ಕಡೆ ತೋರಿಸಿದಳು.

ಅಪ್ಪನ ಕೈ ತಾಟಿನಲ್ಲೇ ನಿಂತಿತು. ಇಷ್ಟು ವರ್ಷ ನಾನೂ ಶಾಲೆ ಬಿಟ್ಟದ್ದನ್ನು ಖರ್ಚು ಅಂತ ತಿಳಿದಿರಲಿಲ್ಲ, ಮಳೆಗಾಲ ಬಂದಂತೆ ಬಂದದ್ದು ಅಂದುಕೊಂಡಿದ್ದೆ. ಅಣ್ಣ ನನ್ನ ಮುಖ ನೋಡಿದ. ಪ್ರಾಯಶಃ ಆರು ವರ್ಷದಲ್ಲಿ ಮೊದಲ ಸಲ ಸರಿಯಾಗಿ ನೋಡಿದ.

"ಇಕಿನ್ನ ನಮ್ಮ ಜೋಡಿ ಕರಕೊಂಡು ಹೋಗೂಣು" ಅಂದ. "ಏಳನೇ ಇಯತ್ತೆ ಮುಲ್ಕಿ ಪರೀಕ್ಷಾಕ್ಕ ಕೂಡಸತೇನಿ. ನಾನ ಕಲಸತೇನಿ."

ಅವನು ಕಲಿಸಿದ ಪಾಡನ್ನು ಏನು ಹೇಳಲಿ. ಅಪೂರ್ಣಾಂಕದ ಲೆಕ್ಕ ಕೇಳಿದರೆ ಆ ಶಬ್ದದ ಸಂಸ್ಕೃತ ಧಾತು ಹೇಳುತ್ತಿದ್ದ. ಭೂಗೋಳದ ನಡುವೆ ಧಾರವಾಡದ ಮಳೆ ಬರುತ್ತಿತ್ತು. ಅವನು ಶಾಲೆಗೆ ಹೋದ ಮೇಲೆ ವೈನಿ ರೊಟ್ಟಿ ಬಡಿಯುತ್ತ ಅದನ್ನೇ ಎರಡು ಮಾತಿನಲ್ಲಿ ಹೇಳಿ ತಿಳಿಸುತ್ತಿದ್ದಳು. ಸಂಜೆ ಅವನು ಪ್ರಶ್ನೆ ಕೇಳಿ, ನಾನು ಸರಿಯಾಗಿ ಹೇಳಿದಾಗ, "ನೋಡಿದಿ? ನಾ ಹೇಳಿದ್ರ ಹೆಂಗ ತಲಿಗೆ ಹೋಗತೈತಿ" ಅನ್ನುತ್ತಿದ್ದ. ನಾವಿಬ್ಬರೂ ತಲೆ ಬಗ್ಗಿಸಿ ನಗುತ್ತಿದ್ದೆವು.

ಮೊದಲ ಸಲ ಇತಿಹಾಸದಲ್ಲಿ ನಪಾಸಾದೆ. ಲೆಕ್ಕದಲ್ಲಿ ಬಹಳ ಮಾರ್ಕು ಬಂದಿತ್ತು, ಅದಕ್ಕೆ ಗುರು ಅಪ್ಪನ ತಕ್ಕಡಿ. ಅಣ್ಣ ನನಗಿಂತ ಹೆಚ್ಚು ಕುಗ್ಗಿ ಎರಡು ದಿನ ಗಡ್ಡ ಕೆರೆಯಲಿಲ್ಲ. ಎರಡನೆಯ ಸಲ ಬೆಳಗಾವಿಗೆ ವೈನಿ ಕೂಡ ನನ್ನ ಜೊತೆ ಬಂದು, ಪರೀಕ್ಷೆ ಮುಗಿಯುವತನಕ ಹೊರಗೆ ಬುತ್ತಿ ಹಿಡಿದು ಕೂತಳು. ಪಾಸಾದೆ. ಆಗ ಮುಲ್ಕಿ ಆದವರಿಗೆ ಕಲಿಸುವ ಕೆಲಸ ಸಿಗುತ್ತಿತ್ತು, ನನಗೂ ಕೌಜಲಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಸಿಕ್ಕಿತು. ಒಂಟಿ ಹುಡುಗಿ ಪರಊರಿನಲ್ಲಿ ಹೇಗೆ ಇರುವುದು ಅಂತ ಅಪ್ಪ ತಲೆ ತುರಿಸಿಕೊಳ್ಳುವಷ್ಟರಲ್ಲಿ ಆಯಿ ತನ್ನ ಟ್ರಂಕು ಕಟ್ಟಿ ಚಕ್ಕಡಿಯಲ್ಲಿ ಇಟ್ಟಿದ್ದಳು. ಶಾಲೆಯ ಕಟ್ಟೆಯ ಮೇಲೆ ಎಲೆ ಅಡಿಕೆಯ ಚೀಲ ಇಟ್ಟುಕೊಂಡು ಕೂಡ್ರುತ್ತಿದ್ದಳು. ತಡವಾಗಿ ಬಂದ ಹುಡುಗಿಯರು ನನಗಿಂತ ಮೊದಲು ಅವಳಿಗೆ ಕಾರಣ ಹೇಳಿ ಒಳಗೆ ಬರಬೇಕಾಗಿತ್ತು.

ಒಂದು ಚಳಿಗಾಲದಲ್ಲಿ ಅಣ್ಣ ನಮ್ಮನ್ನು ನೋಡಲು ಕೌಜಲಗಿಗೆ ಬಂದ. ನಾನು ಪಾಠ ನಡೆಸಿದ್ದೆ. ಅವನು ಸದ್ದಿಲ್ಲದೆ ಬಂದು ಹಿಂದಿನ ಚಾಪೆಯ ಮೇಲೆ, ಚಿಕ್ಕ ಹುಡುಗಿಯರ ಸಾಲಿನಲ್ಲಿ ಕಾಲು ಮಡಿಚಿ ಕೂತ. ಬಾಜೂ ಕೂತ ಒಬ್ಬ ಪುಟ್ಟ ಹುಡುಗಿ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಕೇಳಿದಳು.

"ನೀವು ಅಕ್ಕೋರ ಅಣ್ಣೇನ್ರಿ?"

"ಹೌದವಾ."

"ನೀವೂ ಸಾಲಿ ಕಲತೀರೇನ್ರಿ?"

"ಸ್ವಲ್ಪ" ಅಂದ ಅಣ್ಣ.

ಅವಳು ಸರಿದು ಅವನಿಗೆ ಚಾಪೆಯಲ್ಲಿ ಇನ್ನಷ್ಟು ಜಾಗ ಮಾಡಿಕೊಟ್ಟಳು.